ಗ್ಯಾಸ್ ಮಾತ್ರೆ: ಊಟಕ್ಕೆ ಮುಂಚೆಯೋ, ಆಮೇಲೋ?

"ಡಾಕ್ಟ್ರೇ, ಎರಡು ವರ್ಷದಿಂದ ಈ ಗ್ಯಾಸ್ ಮಾತ್ರೆ ನುಂಗ್ತಾ ಇದೀನಿ, ಎದೆಯುರಿ ಮಾತ್ರ ಹೋಗಿಲ್ಲ" ಎನ್ನುತ್ತ ನಿವೃತ್ತ ಮೇಷ್ಟರೊಬ್ಬರು ಒಮೆಪ್ರಜೋಲ್ ಕ್ಯಾಪ್ಸೂಲಿನ ಸ್ಟ್ರಿಪ್ ಅನ್ನು ನನ್ನ ಮೇಜಿನ ಮೇಲಿಟ್ಟರು. ಯಾವಾಗ ತೆಗೆದುಕೊಳ್ಳುತ್ತೀರಿ ಎಂದೆ. "ರಾತ್ರಿ ಊಟ ಆಗಿ ಮಲಗೋ ಹೊತ್ತಿಗೆ." ಔಷಧಿಯಲ್ಲಿ ತಪ್ಪಿರಲಿಲ್ಲ, ಹೊತ್ತು ತಪ್ಪಿತ್ತು.

ನಮ್ಮ ಜಠರ ದಿನಕ್ಕೆ ಒಂದೂವರೆ ಎರಡು ಲೀಟರಿನಷ್ಟು ಹುಳಿ ರಸ ಸುರಿಸುತ್ತದೆ. ಆಹಾರದ ಪ್ರೋಟೀನ್ ಕರಗಲು, ರೋಗಾಣು ಸಾಯಲು ಅದು ಬೇಕೇ ಬೇಕು. ಅದು ಅನ್ನನಾಳಕ್ಕೆ ಉಕ್ಕಿದಾಗ ಅಥವಾ ಜಠರದ ಒಳಪದರ ಕೆಟ್ಟಾಗ ಮಾತ್ರ ತೊಂದರೆ.

ಇದಕ್ಕೆ ಔಷಧಿಗಳು ಮುಖ್ಯವಾಗಿ ಮೂರು ಬಗೆ. ಆಂಟಾಸಿಡ್ ಈಗಾಗಲೇ ಸುರಿದಿರುವ ಆಮ್ಲವನ್ನು ಶಮನ ಮಾಡುತ್ತದೆ. ನಿಮಿಷಗಳಲ್ಲಿ ಆರಾಮ, ಒಂದೆರಡು ಗಂಟೆಯಲ್ಲಿ ಮತ್ತೆ ಉರಿ. (ನೊರೆಯುಕ್ಕುವ ಸೋಡಾ ಪುಡಿಯಲ್ಲಿ ಸೋಡಿಯಂ ಇರುತ್ತದೆ, ರಕ್ತದೊತ್ತಡದವರು ಅದನ್ನು ದಿನಾ ಕುಡಿಯಬಾರದು.) ಎರಡನೆಯ ಬಗೆ, ಆಮ್ಲ ಸುರಿಸೆಂದು ಹಿಸ್ಟಮಿನ್ ತರುವ ಆಜ್ಞೆಯನ್ನೇ ತಡೆಯುತ್ತದೆ. 1976ರಲ್ಲಿ ಬಂದ ಸಿಮೆಟಿಡಿನ್ ಈ ಗುಂಪಿನದು. ಅದರ ಹಿಂದಿದ್ದ ಜೇಮ್ಸ್ ಬ್ಲ್ಯಾಕ್ ಅವರಿಗೆ 1988ರಲ್ಲಿ ನೊಬೆಲ್ ಸಂದಿತು. ಮನೆಮಾತಾಗಿದ್ದ ರಾನಿಟಿಡಿನ್ ಕೂಡ ಇದೇ ಜಾತಿ. ಅದರಲ್ಲಿ ಕ್ಯಾನ್ಸರ್‌ಕಾರಕವಿರಬಹುದಾದ ಕಲ್ಮಶ ಕಂಡದ್ದರಿಂದ ಅಮೆರಿಕ 2020ರಲ್ಲಿ ಅದನ್ನು ಮಾರುಕಟ್ಟೆಯಿಂದ ತೆಗೆಸಿತು. ನಮ್ಮ ದೇಶದ ಅಗತ್ಯ ಔಷಧಿಗಳ ಪಟ್ಟಿಯಿಂದಲೂ 2022ರಲ್ಲಿ ಅದು ಹೊರಬಿತ್ತು.

ಮೂರನೆಯದೇ ಮೇಷ್ಟರ ಮಾತ್ರೆ. ಒಮೆಪ್ರಜೋಲ್, ಪ್ಯಾಂಟೊಪ್ರಜೋಲ್, ರಾಬೆಪ್ರಜೋಲ್ ಎಲ್ಲ ಅಣ್ಣತಮ್ಮಂದಿರು. ಆಮ್ಲವನ್ನು ಹೊರಕ್ಕೆ ನೂಕುವ ಸಣ್ಣ ಪಂಪುಗಳು ಜಠರದ ಜೀವಕೋಶಗಳಲ್ಲಿವೆ. ಈ ಔಷಧಿ ಕರುಳಿನಲ್ಲಿ ಕರಗಿ, ರಕ್ತ ಸೇರಿ, ಹಿತ್ತಿಲ ಬಾಗಿಲಿನಿಂದ ಎಂಬಂತೆ ಆ ಕೋಶಗಳನ್ನು ಹೊಕ್ಕು ಪಂಪಿಗೆ ಬೀಗ ಜಡಿಯುತ್ತದೆ. ಆದರೆ ಓಡುತ್ತಿರುವ ಪಂಪಿಗೆ ಮಾತ್ರ! ನಿದ್ರಿಸುತ್ತಿರುವ ಪಂಪು ಅದಕ್ಕೆ ಸಿಗುವುದಿಲ್ಲ. ರಾತ್ರಿಯೆಲ್ಲ ಖಾಲಿಯಿದ್ದ ಹೊಟ್ಟೆಗೆ ತಿಂಡಿ ಬಿದ್ದಾಗಲೇ ಅತಿ ಹೆಚ್ಚು ಪಂಪುಗಳು ಏಳುವುದು. ಆ ಹೊತ್ತಿಗೆ ಔಷಧಿ ರಕ್ತದಲ್ಲಿ ಸಿದ್ಧವಿರಬೇಕಾದರೆ ತಿಂಡಿಗೆ ಅರ್ಧದಿಂದ ಒಂದು ಗಂಟೆ ಮುಂಚೆ ನುಂಗಬೇಕು. ಕೆಲವೇ ಗಂಟೆಗಳಲ್ಲಿ ಅದು ರಕ್ತದಿಂದ ಮಾಯವಾದರೂ ಬೀಗ ಬಿದ್ದ ಪಂಪಿಗೆ ಬದಲಾಗಿ ದೇಹ ಹೊಸದನ್ನೇ ತಯಾರಿಸಬೇಕಾಗುವುದರಿಂದ ಸಾಮಾನ್ಯವಾಗಿ ದಿನಕ್ಕೊಂದು ಸಾಕು. ಪೂರ್ತಿ ಗುಣ ಕಾಣಲು ಮೂರು-ನಾಲ್ಕು ದಿನ ಹಿಡಿಯುತ್ತದೆ. ಅಗಿದು ನುಂಗಬಾರದು, ಹೊರಪದರ ಒಡೆದರೆ ಔಷಧಿ ಜಠರದಲ್ಲೇ ಹಾಳಾಗುತ್ತದೆ.

ಹೊತ್ತು ಬದಲಿಸಿ ಮೇಷ್ಟರನ್ನು ಕಳಿಸಬಹುದಿತ್ತು. ಆದರೆ ಅವರ ಮುಖ ಬಿಳಿಚಿತ್ತು. ವಿಚಾರಿಸಿದರೆ, ಮಂಡಿನೋವಿಗೆ ಅಂಗಡಿಯಿಂದ ತಾವೇ ತಂದ ನೋವಿನ ಮಾತ್ರೆ ದಿನವೂ ನುಂಗುತ್ತಿದ್ದರು. ಮಲ ಡಾಂಬರಿನಂತೆ ಕಪ್ಪಗೆ ಹೋಗುತ್ತಿತ್ತಂತೆ. ಅದನ್ನು ಹೇಳುವುದು ಹೇಗೆಂದು ಸುಮ್ಮನಿದ್ದರು. ಎಂಡೋಸ್ಕೋಪಿಯಲ್ಲಿ ಹುಣ್ಣು ಸಿಕ್ಕಿತು, ಜೊತೆಗೆ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ರೋಗಾಣುವೂ. 1984ರಲ್ಲಿ ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ ಎಂಬ ವೈದ್ಯರು ತಾವೇ ಕುಡಿದು ಪರೀಕ್ಷಿಸಿದ್ದು ಇದನ್ನೇ. 2005ರಲ್ಲಿ ರಾಬಿನ್ ವಾರೆನ್ ಜೊತೆ ನೊಬೆಲ್ ಪಡೆದರು. ನೋವಿನ ಮಾತ್ರೆ ನಿಲ್ಲಿಸಿ, ಆಂಟಿಬಯಾಟಿಕ್ ಸೇರಿಸಿ ಹದಿನಾಲ್ಕು ದಿನ ಚಿಕಿತ್ಸೆ ಕೊಟ್ಟೆವು.

ವರ್ಷಗಟ್ಟಲೆ ನುಂಗಿದರೆ ಬಿ12 ಮತ್ತು ಮೆಗ್ನೀಸಿಯಂ ಕಡಿಮೆಯಾಗಬಹುದು. ಸಸ್ಯಾಹಾರಿಗಳು, ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ನುಂಗುವವರು ಬಿ12 ನೋಡಿಸಿಕೊಳ್ಳುವುದು ಒಳ್ಳೆಯದು. ಹಾಗೆಂದು ಇಂದೇ ಸ್ಟ್ರಿಪ್ ಎಸೆಯಬೇಡಿ. ಬಹುಕಾಲ ನುಂಗಿ ಥಟ್ಟನೆ ಬಿಟ್ಟರೆ ಕೆಲವು ವಾರ ಆಮ್ಲ ಮೊದಲಿಗಿಂತ ಜಾಸ್ತಿ ಉಕ್ಕಬಹುದು. ಕಾಯಿಲೆ ಮರಳಿತೆಂದು ಜನ ಮತ್ತೆ ಅಂಗಡಿಗೆ ಓಡುತ್ತಾರೆ. ವೈದ್ಯರನ್ನು ಕೇಳಿ ಮೆಲ್ಲಗೆ ಇಳಿಸಿ. ಹೃದಯಕ್ಕೆಂದು ಆಸ್ಪಿರಿನ್ ನುಂಗುವವರಿಗೆ ಹೊಟ್ಟೆಯ ರಕ್ಷಣೆಗಾಗಿ ಇದನ್ನು ಬರೆದಿದ್ದರೆ ತಾವಾಗಿ ಬಿಡಲೇಬಾರದು.

ಕಪ್ಪು ಮಲ, ರಕ್ತವಾಂತಿ, ನುಂಗಲು ಕಷ್ಟ, ಕಾರಣವಿಲ್ಲದೆ ತೂಕ ಇಳಿಯುವುದು, ಇವಕ್ಕೆ ಗ್ಯಾಸ್ ಮಾತ್ರೆ ಮದ್ದಲ್ಲ. ಬೆವರಿನೊಡನೆ ಎದೆ ಹಿಂಡಿ ನೋವು ದವಡೆಗೋ ತೋಳಿಗೋ ಹರಿದರೆ ಸೋಡಾ ಕುಡಿಯುತ್ತ ಕೂರದೆ ನೇರವಾಗಿ ಇಸಿಜಿ ಇರುವ ಆಸ್ಪತ್ರೆಗೆ ಹೋಗಿ.