ಕರೆಂಟ್ ಶುರುವಾಗುವ ಮುನ್ನ

ಡಾಕ್ಟರ್ ಸಾಹೇಬರೇ, ನಮ್ಮ ತಂದೆಗೆ ಗಲ್ಲದ ಒಳಗೆ ಕ್ಯಾನ್ಸರ್ ಎಂದು ಗೊತ್ತಾಗಿ ಹುಬ್ಬಳ್ಳಿಯಲ್ಲಿ ಆಪರೇಷನ್ ಆಗಿದೆ. ಇನ್ನು 6 ವಾರ ಕರೆಂಟ್ (ರೇಡಿಯೇಷನ್ ಚಿಕಿತ್ಸೆ) ಕೊಡಿಸಬೇಕಂತೆ. ಹಿಂಗಾರಿ ಬಿತ್ತನೆ ಎದುರಿಗಿದೆ. ಅರ್ಧ ಕೊಡಿಸಿ, ಬಿತ್ತಿಗೆ ಮುಗಿಸಿಕೊಂಡು ಉಳಿದದ್ದು ಕೊಡಿಸಿದರೆ ನಡೆಯುತ್ತದೆಯೇ? ತಯಾರಿ ಏನು ಮಾಡಿಕೊಳ್ಳಬೇಕು?
– ಓದುಗರು, ಲಕ್ಷ್ಮೇಶ್ವರ

ನಡೆಯುವುದಿಲ್ಲ. ನಡುವೆ ನಿಲ್ಲಿಸಿದರೆ ಅಳಿದುಳಿದ ಕ್ಯಾನ್ಸರ್ ಕಣಗಳು ಮತ್ತೆ ಜೋರಾಗಿ ಬೆಳೆಯುತ್ತವೆ. ಬಾಯಿ, ಗಂಟಲಿನ ಕ್ಯಾನ್ಸರಿನಲ್ಲಿ ಚಿಕಿತ್ಸೆ ಒಂದು ದಿನ ಲಂಬಿಸಿದರೆ ರೋಗ ಹತೋಟಿಗೆ ಬರುವ ಸಾಧ್ಯತೆ ಸುಮಾರು ಶೇ 1ರಷ್ಟು ಇಳಿಯುತ್ತದೆ. ಮೂರು ವಾರ ಬಿಟ್ಟರೆ ಎಷ್ಟಾಯಿತು, ನೀವೇ ಲೆಕ್ಕ ಹಾಕಿ. ಹೊಲವನ್ನು ಈ ಸಲ ಲಾವಣಿಗೆ ಕೊಡಿ, ಇಲ್ಲವೇ ಬೀಗರನ್ನೋ ಬಾಜೂ ಹೊಲದವರನ್ನೋ ಈಗಲೇ ಕೇಳಿಕೊಳ್ಳಿ. ನಿಮ್ಮ ಮೊದಲ ತಯಾರಿ ಅದೇ.

ಆಪರೇಷನ್ ಆದ 6 ವಾರದೊಳಗೆ ಕರೆಂಟ್ ಶುರುವಾದರೆ ಒಳ್ಳೆಯದು. ಹಾಗಾಗಿ ಹಲ್ಲಿನ ಡಾಕ್ಟರನ್ನು ಈ ವಾರವೇ ಕಾಣಿರಿ. ಹುಳುಕು ಹಲ್ಲು, ಅಲುಗಾಡುವ ಹಲ್ಲು ಈಗಲೇ ಕೀಳಿಸಿದರೆ ಎರಡು ವಾರದಲ್ಲಿ ಗಾಯ ಮಾಯುತ್ತದೆ. ಕರೆಂಟ್ ಆದ ಮೇಲೆ ಕಿತ್ತರೆ ದವಡೆಯ ಎಲುಬೇ ಕೊಳೆಯುವ ಭಯವಿದೆ. ಇದನ್ನು ಬಹಳ ಮಂದಿ ಮರೆಯುತ್ತಾರೆ, ಆಮೇಲೆ ವರ್ಷಗಟ್ಟಲೆ ನರಳುತ್ತಾರೆ.

ಮುಖಕ್ಕೆ ಅಳತೆಯ ಮಾಸ್ಕ್ ಮಾಡಿ ಸಿಟಿ ಸ್ಕ್ಯಾನ್ ತೆಗೆಯುತ್ತಾರೆ. ಅಂದು ಗಡ್ಡ ಬೋಳಿಸಿಕೊಂಡು ಹೋಗಲಿ. ಚಿಕಿತ್ಸೆ ವಾರಕ್ಕೆ 5 ದಿನ. ಮಷೀನಿನ ಕೆಳಗೆ ಮಲಗುವುದು ಕೆಲವೇ ನಿಮಿಷ, ಶಾಕ್ ಹೊಡೆಯುವುದಿಲ್ಲ, ಉರಿಯೂ ಗೊತ್ತಾಗುವುದಿಲ್ಲ. ಎರಡು ಮೂರು ವಾರ ಕಳೆದ ಮೇಲೆ ಬಾಯಿ ಹುಣ್ಣಾಗುತ್ತದೆ. ಆಗ ಕಟಿರೊಟ್ಟಿ, ಕೆಂಪು ಚಟ್ನಿ ಬೇಡ. ಜೋಳದ ನುಚ್ಚು ಮಜ್ಜಿಗೆ, ಬೇಳೆ ಕಟ್ಟು, ಹಾಲು, ಮೆತ್ತಗೆ ಬೇಯಿಸಿದ ತತ್ತಿ ಕೊಡಿ. ಉಪ್ಪು, ಸೋಡಾ ಚಿಟಿಕೆ ಹಾಕಿದ ಉಗುರುಬೆಚ್ಚಗಿನ ನೀರಿನಿಂದ ದಿನಕ್ಕೆ ನಾಲ್ಕಾರು ಸಲ ಬಾಯಿ ಮುಕ್ಕಳಿಸಲಿ. ತಂಬಾಕು, ಗುಟಖಾ ಇಂದೇ ಬಿಡಬೇಕು. ದಿನಾ ಬಸ್ಸಿನಲ್ಲಿ ಓಡಾಡಿ ಸುಸ್ತಾಗಿ ಹಲವರು ಚಿಕಿತ್ಸೆ ತಪ್ಪಿಸುತ್ತಾರೆ. ಆದ್ದರಿಂದ ಕೊನೆಯ ಮೂರು ವಾರವಾದರೂ ಹುಬ್ಬಳ್ಳಿಯಲ್ಲೇ ಇರುವ ವ್ಯವಸ್ಥೆ ಮಾಡಿ.

ನಮ್ಮ ಅತ್ತೆಗೆ ಗರ್ಭಕೊರಳಿನ ಕ್ಯಾನ್ಸರ್. ಕರೆಂಟ್ ಕೊಟ್ಟ ಮೇಲೆ ಮೊಮ್ಮಕ್ಕಳನ್ನು ಹತ್ತಿರ ಬಿಡಬಾರದು ಎಂದು ಓಣಿಯವರು ಹೇಳುತ್ತಾರೆ. ನಿಜವೇ? ಖರ್ಚು ಹೇಗೆ?
– ಓದುಗರು, ಮುಂಡರಗಿ

ನಿಜವಲ್ಲ ತಾಯಿ. ಮಷೀನ್ ನಿಂತ ಕೂಡಲೇ ಕಿರಣ ನಿಲ್ಲುತ್ತದೆ, ಮೈಯಲ್ಲಿ ಏನೂ ಉಳಿಯುವುದಿಲ್ಲ. ಕೊನೆಗೆ ಒಳಗಿನಿಂದ ಕೊಡುವ ಚಿಕಿತ್ಸೆಯಲ್ಲೂ ಕಿರಣದ ಮೂಲವನ್ನು ಹೊರತೆಗೆದ ಮೇಲೆಯೇ ಮನೆಗೆ ಕಳಿಸುತ್ತಾರೆ. ಮೊಮ್ಮಕ್ಕಳು ಅಜ್ಜಿಯ ಮಗ್ಗುಲಲ್ಲೇ ಮಲಗಲಿ. ಈ ಹೊತ್ತಿನಲ್ಲಿ ಆಕೆಯನ್ನು ದೂರ ಇಟ್ಟರೆ ಅದಕ್ಕಿಂತ ದೊಡ್ಡ ನೋವಿಲ್ಲ.

ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ರೇಷನ್ ಕಾರ್ಡ್, ಆಧಾರ್, ಬಯಾಪ್ಸಿ ವರದಿ ಹಿಡಿದು ಮೊದಲು ಗದಗಿನ ಜಿಮ್ಸ್ ಆಸ್ಪತ್ರೆಗೆ ಹೋಗಿ ರೆಫರಲ್ ಪತ್ರದ ಬಗ್ಗೆ ವಿಚಾರಿಸಿ. ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸರ್ಕಾರಿ ಸಾಮಾನ್ಯ ಬಸ್ ಉಚಿತವಾದ್ದರಿಂದ ಜೊತೆಗೆ ನೀವೇ ಹೋದರೆ ಬಸ್ ಖರ್ಚು ಇಬ್ಬರಿಗೂ ಇಲ್ಲ. ಹೊರಗಿನಿಂದ, ಒಳಗಿನಿಂದ ಕೊಡುವ ಚಿಕಿತ್ಸೆ ಎರಡೂ ಸೇರಿ 8 ವಾರದೊಳಗೆ ಮುಗಿಯಬೇಕು. ಹಬ್ಬ, ಜಾತ್ರೆ ಎಂದು ಒಂದು ದಿನವೂ ತಪ್ಪಿಸಬೇಡಿ. ಕಿರಣ ಬೀಳಬೇಕಾದ ಜಾಗಕ್ಕೆಂದು ಹೊಟ್ಟೆಯ ಮೇಲೆ ಹಾಕಿದ ಗುರುತು ಮಾಸಿದರೆ ಮನೆಯಲ್ಲಿ ಪೆನ್ನಿನಿಂದ ತಿದ್ದಬೇಡಿ, ಮರುದಿನ ಟೆಕ್ನಿಷಿಯನ್‌ಗೆ ತೋರಿಸಿ.