ಪೆಲೆಟ್ ಗ್ರಿಲ್‌ಗೆ ಪಿಐಡಿ ಹಾಕೋ ಮುನ್ನ

ಪೆಲೆಟ್ ಗ್ರಿಲ್‌ನಲ್ಲಿ ಆಗರ್ ಮೋಟರ್ ಕಟ್ಟಿಗೆ ಪೆಲೆಟ್ ತಳ್ಳುತ್ತದೆ, ಫ್ಯಾನ್ ಗಾಳಿ ಕೊಡುತ್ತದೆ. ಹಳೆ ಕಂಟ್ರೋಲರ್ ಆಗರನ್ನು ಇಷ್ಟು ಸೆಕೆಂಡ್ ಆನ್, ಇಷ್ಟು ಸೆಕೆಂಡ್ ಆಫ್ ಮಾಡ್ತದ, ಅಷ್ಟೇ. ನಮ್ಮ ಐವಾನ್-ಎ-ಶಾಹಿಯಲ್ಲಿ ಬಿಸಿಲು 40 ಡಿಗ್ರಿ ದಾಟಿದರೂ, ಜನವರಿ ರಾತ್ರಿ ಚಳಿ ಇದ್ದರೂ ಅದಕ್ಕೆ ಒಂದೇ ಲೆಕ್ಕ.

ಪಿಐಡಿ ಮೂರು ನೋಡ್ತದ: ಈಗ ಎಷ್ಟು ಡಿಗ್ರಿ ಕಡಿಮೆ ಅದ, ಇಲ್ಲಿತನಕ ಕೂಡಿಬಂದ ವ್ಯತ್ಯಾಸ ಎಷ್ಟು, ಎಷ್ಟು ವೇಗದಲ್ಲಿ ಬದಲಾಗ್ತಿದೆ. ಪೆಲೆಟ್ ಬಿದ್ದ ಮೇಲೆ ಶಾಖ ಬರೋದು ತಡ. ಅದಕ್ಕೇ ಗೇನ್ ಕಡಿಮೆ ಇಟ್ಟು ಶುರುಮಾಡೋಣ.

ಆದರೆ ಬೆಂಕಿ ಆರಿದರೆ? ಪಿಐಡಿಗೆ ತಿಳಿಯೋದು 'ತಣ್ಣಗದ' ಅಂತ ಮಾತ್ರ. ಅದು ಪೆಲೆಟ್ ಸುರೀತಾನೇ ಇರ್ತದ. ಆ ರಾಶಿ ಒಮ್ಮೆಲೇ ಹೊತ್ತಿಕೊಂಡರೆ ಜ್ವಾಲೆ ಮುಖಕ್ಕೇ ಬರಬಹುದು. ಹಾಗಾಗಿ ಕೋಡ್‌ನಲ್ಲಿ ಮೊದಲು ಬರೆಯಬೇಕಾದದ್ದು: ಆಗರ್ ಓಡಿದರೂ ಉಷ್ಣತೆ ಇಳೀತಾ ಇದ್ದರೆ ಆಗರ್ ನಿಲ್ಲಲಿ, ಅಲಾರಂ ಹೊಡೀಲಿ. ಟ್ಯೂನಿಂಗ್ ಆಮೇಲೆ ಮಾಡೋಣ.