ಇಂದಿನ ಧಮ್ಮ ಚಿಂತನೆ: ರಜೆಯಲ್ಲಿ ಬರುವ ಕರೆ



ರಜೆ ಹಾಕಿ ಊರಿಗೆ ಹೋದರೂ ಆಫೀಸಿನ ಗ್ರೂಪ್ ನೋಡದಿದ್ದರೆ ನಮಗೆ ಅಳುಕು. 'ಮೀಸಲಾತಿಯವರು ಕೆಲಸ ಮಾಡಲ್ಲ' ಅನ್ನಿಸಿಕೊಳ್ಳಬಾರದೆಂದು ಎರಡು ಪಟ್ಟು ದುಡಿಯುತ್ತೇವೆ. ನನಗೂ ಅದು ಗೊತ್ತು.

ಮಹಾರ್ ವತನದಲ್ಲಿ ಹಗಲು ರಾತ್ರಿಯೆನ್ನದೆ ಸರ್ಕಾರಿ ಕರೆಗೆ ಓಡಬೇಕಿತ್ತು. ಆತನಿಲ್ಲದಿದ್ದರೆ ಮನೆಯವರು ಹೋಗಬೇಕಿತ್ತು. ಅದರ ವಿರುದ್ಧ ಬಾಬಾಸಾಹೇಬರು 1928ರಲ್ಲೇ ಮುಂಬೈ ಶಾಸನಸಭೆಯಲ್ಲಿ ಮಸೂದೆ ತಂದರು. ಮುಂದೆ ಅವರು ವೈಸ್‌ರಾಯ್ ಕೌನ್ಸಿಲ್ಲಿನ ಕಾರ್ಮಿಕ ಸದಸ್ಯರಾಗಿದ್ದಾಗ, 1945ರ ತಿದ್ದುಪಡಿ ಕಾಯ್ದೆಯಿಂದ, ವರ್ಷವಿಡೀ ದುಡಿದ ಕಾರ್ಖಾನೆ ಕಾರ್ಮಿಕರಿಗೆ 10 ದಿನ ಸಂಬಳ ಸಹಿತ ರಜೆ ಬಂತು. ಆ ರಜೆ ಯಾರ ದಯೆಯೂ ಅಲ್ಲ.

ತಂತಿ ಅತಿ ಬಿಗಿಯಾದರೆ ವೀಣೆ ನುಡಿಯದೆಂದು ಬುದ್ಧರು ಸೋಣನಿಗೆ ಹೇಳಿದ್ದು ಸಾಧನೆಯ ಬಗ್ಗೆ. ಆಫೀಸಿಗೂ ಸಲ್ಲುತ್ತದೆ ಅಂತ ನನ್ನ ಅನಿಸಿಕೆ. ಹೊರಡುವ ಮುನ್ನ ಕೆಲಸ ಒಪ್ಪಿಸಿ, ಗ್ರೂಪ್ ಮ್ಯೂಟ್ ಮಾಡಿ. ಮೊದಲ ದಿನ ಕೈ ತಾನಾಗಿಯೇ ಫೋನಿನತ್ತ ಹೋಗುತ್ತದೆ. ಗಮನಿಸಿ, ಬಿಟ್ಟುಬಿಡಿ.